ದಾನದ ಹಣ, ದುರಸ್ತಿಯ ಹೊಣೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಹುಟ್ಟೂರಿನ ಋಣವನ್ನು ಅಷ್ಟಿಷ್ಟಾದರೂ ತೀರಿಸಬೇಕೆಂಬ ಹಂಬಲ ಸಹಜವಾದುದು. ಮುಂಬಯಿಯ ಹೋಟೆಲುಗಳಲ್ಲಿ ಬೆವರು ಸುರಿಸಿ ಮೇಲೆ ಬಂದವರು, ಪುಣೆಯ ಕಾರ್ಖಾನೆಗಳಲ್ಲಿ ದುಡಿದವರು, ದೆಹಲಿಯ ಸರಕಾರಿ ಕಚೇರಿಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು, ಎಲ್ಲರೂ ಒಂದಲ್ಲ ಒಂದು ದಿನ ಊರಿಗಾಗಿ ಏನಾದರೂ ಮಾಡಬೇಕೆಂದು ಬಯಸುತ್ತಾರೆ. ಆ ಬಯಕೆಗೆ ದಾರಿ ತೋರಿಸುವುದು ಕನ್ನಡ ಸಂಘಗಳ ಕೆಲಸವಾಗಿದೆ. ಸಹಾಯಾರ್ಥ ನಾಟಕ, ಯಕ್ಷಗಾನ, ಸ್ಮರಣ ಸಂಚಿಕೆಯ ಜಾಹೀರಾತು, ಸದಸ್ಯರ ವಂತಿಗೆ, ಹೀಗೆ ಹನಿಗೂಡಿದ ಹಣ ಒಂದು ಹಳ್ಳಿಯ ಶಾಲೆಗೆ ನೀರಿನ ತೊಟ್ಟಿಯಾಗಿಯೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಕೊಠಡಿಯಾಗಿಯೋ, ಕೇರಿಯ ಮಧ್ಯದ ಕೊಳವೆ ಬಾವಿಯಾಗಿಯೋ ರೂಪ ತಾಳುತ್ತದೆ. ಉದ್ಘಾಟನೆ ನಡೆಯುತ್ತದೆ, ಕಲ್ಲಿನ ಫಲಕ ಏಳುತ್ತದೆ, ಛಾಯಾಚಿತ್ರ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಐದು ವರ್ಷಗಳಾದ ಮೇಲೆ ಫಲಕವಂತೂ ಉಳಿದಿರುತ್ತದೆ. ನೀರು ಬರುತ್ತಿದೆಯೇ ಎಂದು ವಿಚಾರಿಸಿದವರು ಮಾತ್ರ ವಿರಳ.

ದಾನಿಗಳ ಹಣದಿಂದ ನಡೆಯುವ ಯೋಜನೆಗೆ ಹಲವು ಘಟ್ಟಗಳುಂಟೆಂದು ಆಡಳಿತ ಶಾಸ್ತ್ರ ತಿಳಿದವರು ಹೇಳುತ್ತಾರೆ. ಅಗತ್ಯವನ್ನು ಗುರುತಿಸುವುದು, ಯೋಜನೆಯ ಕರಡನ್ನು ಬರೆಯುವುದು, ದಾನಿಯೊಡನೆ ಕರಾರು ಮಾಡಿಕೊಳ್ಳುವುದು, ಕೆಲಸವನ್ನು ನಡೆಸುವುದು, ಮೇಲ್ವಿಚಾರಣೆ, ಲೆಕ್ಕಪರಿಶೋಧನೆ, ಫಲದ ಮೌಲ್ಯಮಾಪನ ಮತ್ತು ಕಡೆಯದಾಗಿ ಹಸ್ತಾಂತರ. ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಹಸ್ತಾಂತರವೆಂಬುದು ಪಟ್ಟಿಯಲ್ಲಿ ಕಡೆಗೆ ಬರುವುದರಿಂದ ಅದರ ಯೋಚನೆಯೂ ಕಡೆಗೇ ಬರುತ್ತದೆ. ಆ ವೇಳೆಗೆ ಹಣ ಮುಗಿದಿರುತ್ತದೆ, ಉತ್ಸಾಹವೂ ಇಳಿದಿರುತ್ತದೆ. ಮೂರು ವರ್ಷಗಳ ನಂತರ ಇದನ್ನು ಯಾರು ದುರಸ್ತಿ ಮಾಡುವರು, ಯಾವ ಹಣದಿಂದ ಮಾಡುವರು ಎಂಬ ಪ್ರಶ್ನೆಗೆ ಕರಡು ಬರೆಯುವ ದಿನವೇ ಉತ್ತರ ಸಿಗದಿದ್ದರೆ ಆ ಯೋಜನೆಗೆ ಹಣ ಕೊಡಬಾರದು. ಈ ಮಾತು ಕಠೋರವೆಂದು ತೋರಬಹುದು. ಆದರೆ ಭಾರತದ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ಕೈಪಂಪಿನ ಚರಿತ್ರೆಯನ್ನು ಬಲ್ಲವರಿಗೆ ಅದರಲ್ಲಿ ಅತಿಶಯೋಕ್ತಿ ಕಾಣದು.

1966-67ರಲ್ಲಿ ಬಿಹಾರ ಭೀಕರ ಬರಗಾಲಕ್ಕೆ ತುತ್ತಾಯಿತು. ಆಗ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಗಟ್ಟಿ ಬಂಡೆಯನ್ನು ಕೊರೆಯಬಲ್ಲ ಯಂತ್ರಗಳನ್ನು ಹೊರದೇಶದಿಂದ ತರಿಸಿಕೊಟ್ಟಿತು. ತೋಡುಬಾವಿಯವರ ಹಾರೆ ಗುದ್ದಲಿಗಳು ತಿಂಗಳುಗಟ್ಟಲೆ ಹೆಣಗುತ್ತಿದ್ದ ಕಡೆ, ಗಾಳಿಯ ಒತ್ತಡದಿಂದ ನಡೆಯುವ ಈ ಯಂತ್ರಗಳು ಒಂದೆರಡು ದಿನಗಳಲ್ಲಿ ನೀರು ಕಾಣಿಸಿದವು. ದಖ್ಖನ್ನಿನ ಕಲ್ಲುನೆಲಕ್ಕೆ ಇದಕ್ಕಿಂತ ಒಪ್ಪುವ ಉಪಾಯ ಮತ್ತೊಂದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತಮಿಳುನಾಡುಗಳ ಒಣಪ್ರದೇಶಗಳಲ್ಲಿ ಸಾವಿರಾರು ಕೊಳವೆ ಬಾವಿಗಳು ಕೊರೆಯಲ್ಪಟ್ಟವು. ಹಳ್ಳಿಯವರ ಬಾಯಲ್ಲಿ ‘ಬೋರಿಂಗು’ ಎಂಬ ಮಾತು ನಿಂತದ್ದು ಆ ಕಾಲದಲ್ಲಿಯೇ.

ಕೊರೆತದ ಯಂತ್ರಕ್ಕೆ ಇಷ್ಟು ಗಮನ ಕೊಟ್ಟವರು ಅದರ ಮೇಲೆ ಕೂರಿಸುವ ಪಂಪಿಗೆ ಕೊಟ್ಟದ್ದು ಅತ್ಯಲ್ಪ. ಆಗ ದೊರೆಯುತ್ತಿದ್ದುದು ಬೀಡುಕಬ್ಬಿಣದ ಪಂಪು. ಯೂರೋಪು ಅಮೆರಿಕೆಗಳಲ್ಲಿ ಒಂದು ಕುಟುಂಬದ ಬಳಕೆಗೆಂದು, ಹಿತ್ತಿಲ ಬಾವಿಯ ಮೇಲೆ ದಿನಕ್ಕೆ ಹತ್ತಾರು ಕೊಡ ನೀರೆತ್ತಲೆಂದು ಮಾಡಿದ ಮಾದರಿಯ ನಕಲು ಅದು. ಅದನ್ನೇ ಮುನ್ನೂರು ನಾನೂರು ಜನರ ಕೇರಿಯಲ್ಲಿ ನಿಲ್ಲಿಸಿದಾಗ ಏನಾದೀತು? ನಸುಕಿನಿಂದ ರಾತ್ರಿಯವರೆಗೆ ಸಾಲುಗಟ್ಟಿದ ಕೊಡಗಳು, ಹಿಡಿಕೆಗೆ ಜೋತುಬೀಳುವ ಮಕ್ಕಳು. ಕೀಲು ಸವೆಯಿತು, ಬೋಲ್ಟು ಕಳಚಿತು, ಬೀಡುಕಬ್ಬಿಣ ಸೀಳಿತು. ಕೆಲವು ಕಡೆ ಪಂಪು ವಾರಗಳಲ್ಲೇ ಮೂಲೆ ಸೇರಿತು. ಹೆಂಗಸರು ಕೊಡ ಹೊತ್ತು ಹಳೆಯ ಮೆಟ್ಟಿಲು ಬಾವಿಗೆ, ಕೆರೆಯ ಅಂಗಳದ ಒರತೆಗೆ ಮರಳಿದರು.

1974ರ ಸುಮಾರಿಗೆ ನಡೆದ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಪಂಪುಗಳು ಕೆಟ್ಟು ನಿಂತಿರುವ ಸಂಗತಿ ಬಯಲಾಯಿತು. ಅಷ್ಟು ವರ್ಷಗಳ ವರದಿಗಳಲ್ಲಿ ಇಂಥ ಸುಳಿವೇ ಇರಲಿಲ್ಲ. ಯಾಕೆಂದರೆ ವರದಿಗಳು ಎಣಿಸುತ್ತಿದ್ದುದು ಕೊರೆದ ರಂಧ್ರಗಳನ್ನು, ಕುಡಿದ ನೀರನ್ನಲ್ಲ. ದಾನಿಗೆ ಬೇಕಾದದ್ದು ಸಂಖ್ಯೆ, ಗುತ್ತಿಗೆದಾರನಿಗೆ ಹಣ ಸಿಗುತ್ತಿದ್ದುದು ಅಡಿಯ ಲೆಕ್ಕದಲ್ಲಿ, ಇಲಾಖೆಗೆ ಬೇಕಾದದ್ದು ಗುರಿ ತಲುಪಿದ ಪತ್ರ. ಎಲ್ಲರೂ ತಂತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿಯೇ ಈ ಗತಿ ಒದಗಿತೆಂಬುದು ಗಮನಿಸಬೇಕಾದ ವಿಷಯ. ಕಳ್ಳತನದಿಂದ ಕೆಟ್ಟ ಯೋಜನೆಗಳ ಕತೆ ಎಲ್ಲರಿಗೂ ಗೊತ್ತು. ಕಳ್ಳತನವಿಲ್ಲದೆಯೂ ಯೋಜನೆ ಕೆಡಬಹುದೆಂಬುದು ಅಷ್ಟಾಗಿ ಗೊತ್ತಿಲ್ಲ.

ಕೆಟ್ಟ ಪಂಪನ್ನು ಹಳ್ಳಿಯವರೇ ಏಕೆ ರಿಪೇರಿ ಮಾಡಿಕೊಳ್ಳಲಿಲ್ಲವೆಂದು ನಗರದವರು ಕೇಳುವುದುಂಟು. ಅದು ‘ಸರಕಾರಿ ಬೋರಿಂಗು’ ಎಂದು ಹಳ್ಳಿ ತಿಳಿದಿತ್ತು. ಅದು ಯುನಿಸೆಫಿನ ಯೋಜನೆ ಎಂದು ಇಲಾಖೆ ಭಾವಿಸಿತ್ತು. ಅದನ್ನು ಸರಕಾರಕ್ಕೆ ಒಪ್ಪಿಸಿಯಾಯಿತೆಂದು ದಾನಿಯ ಕಡತ ಹೇಳುತ್ತಿತ್ತು. ಮೂವರ ಕೂಸು ಹಸಿದು ಮಲಗಿತು.

ಇಲ್ಲಿಂದ ಮುಂದಿನದು ಮೆಚ್ಚಬೇಕಾದ ಭಾಗ. ಯುನಿಸೆಫ್ ಆ ಸಮೀಕ್ಷೆಯ ಫಲವನ್ನು ಮುಚ್ಚಿಡಲಿಲ್ಲ. ಕೊರೆತದ ಕೆಲಸವನ್ನೇ ನಿಲ್ಲಿಸಬೇಕೇ ಎಂಬ ಚರ್ಚೆಯವರೆಗೆ ಮಾತು ಹೋಯಿತು. ಕಡೆಗೆ ಗಮನ ಪಂಪಿನ ಕಡೆ ತಿರುಗಿತು. ಒಳ್ಳೆಯ ಪಂಪಿಗಾಗಿ ಅವರು ಹೊರದೇಶಕ್ಕೆ ಹೋಗಬೇಕಾಗಲಿಲ್ಲ. ಜಾಲನಾ ಮತ್ತು ಸೊಲ್ಲಾಪುರಗಳಲ್ಲಿ, ಹಳ್ಳಿಗರ ನಡುವೆಯೇ ಬಾಳಿದ ಮಿಷನರಿ ಸಂಸ್ಥೆಗಳ ಕುಶಲಕರ್ಮಿಗಳು ಮುರಿದ ಪಂಪುಗಳನ್ನು ನೋಡಿ ನೋಡಿ ರೋಸಿ, ಉಕ್ಕಿನ ಪಂಪೊಂದನ್ನು ತಾವೇ ರೂಪಿಸಿಕೊಂಡಿದ್ದರು. ಮನೆಮನೆಯಲ್ಲಿ ಕನ್ನಡ ಕೇಳಿಬರುವ ಸೊಲ್ಲಾಪುರದ ಹೆಸರನ್ನೇ ಹೊತ್ತ ಆ ಪಂಪು ಮುಂದಿನ ಮಾದರಿಗೆ ಆಧಾರವಾಯಿತು. ಹಲವು ಕೀಲುಗಳ ಬದಲು ಒಂದೇ ಕೀಲು, ಆ ಕೀಲಿಗೆ ಧೂಳು ನೀರು ಸೋಕದ ಬಾಲ್‌ಬೇರಿಂಗು, ಸರಳನ್ನು ನೆಟ್ಟಗೆ ಮೇಲೆಳೆಯುವ ಸರಪಳಿ, ಕೊಳೆನೀರು ಮರಳಿ ಬಾವಿಗೆ ಇಳಿಯದಂತೆ ಮುಚ್ಚಿದ ತಲೆ. ಕೇಳುವುದಕ್ಕೆ ಇದು ಸಾಮಾನ್ಯವೆನಿಸಬಹುದು. ಆದರೆ ಆ ಹಿಡಿಕೆಯನ್ನು ಬಸುರಿ ಹೆಂಗಸಾಗಲಿ ಹತ್ತು ವರ್ಷದ ಹುಡುಗಿಯಾಗಲಿ ದಿನವೂ ಒತ್ತಬೇಕೆಂಬುದನ್ನು ನೆನೆದಾಗ ಅದರ ಬೆಲೆ ತಿಳಿದೀತು.

ಈ ಮಾದರಿಯನ್ನು ತಿದ್ದಿ ‘ಇಂಡಿಯಾ ಮಾರ್ಕ್ 2’ ಎಂಬ ಹೆಸರು ಕೊಟ್ಟು, ಕೊಯಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ ಪರೀಕ್ಷೆಗೆ ಇಟ್ಟರು. ನೀರು ಬಹಳ ಆಳದಲ್ಲಿರುವ, ಪಂಪು ಬಿಡುವಿಲ್ಲದೆ ದುಡಿಯುವ ಪ್ರದೇಶವನ್ನು ಬೇಕೆಂದೇ ಆರಿಸಿಕೊಂಡದ್ದು ಜಾಣತನ. ಸುಲಭದ ಜಾಗದಲ್ಲಿ ಪರೀಕ್ಷಿಸಿ ಯಶಸ್ಸಿನ ವರದಿ ಬರೆಯುವ ಚಾಳಿ ಆಗಲೂ ಇತ್ತು, ಈಗಲೂ ಇದೆ. ಮುಂಬಯಿ ಮೂಲದ ಹಳೆಯ ಎಂಜಿನಿಯರಿಂಗ್ ಸಂಸ್ಥೆಯಾದ ರಿಚರ್ಡ್‌ಸನ್ ಅಂಡ್ ಕ್ರುಡಾಸಿನ ಮದ್ರಾಸು ಕಾರ್ಖಾನೆಯಲ್ಲಿ 1970ರ ದಶಕದ ಕಡೆಯ ವರ್ಷಗಳಲ್ಲಿ ಅದರ ತಯಾರಿಕೆ ಮೊದಲಾಯಿತು. 1979ರಲ್ಲಿ ಅದಕ್ಕೆ ಐ.ಎಸ್.ಐ. ಮಾನಕ ದೊರೆಯಿತು. ಈ ವಿನ್ಯಾಸದ ಮೇಲೆ ಯಾರೂ ಹಕ್ಕುಸ್ವಾಮ್ಯ ಸ್ಥಾಪಿಸಲಿಲ್ಲವೆಂಬುದು ಇನ್ನೊಂದು ವಿಶೇಷ. ನಕ್ಷೆ ಎಲ್ಲರಿಗೂ ಮುಕ್ತವಾಗಿತ್ತು, ಯಾವ ಕಾರ್ಖಾನೆ ಬೇಕಾದರೂ ತಯಾರಿಸಬಹುದಿತ್ತು. ಆದರೆ ಸಾಗಿಸುವ ಮೊದಲು ಸ್ವತಂತ್ರ ಪರೀಕ್ಷಕರು ಅಳತೆ ನೋಡಿ ಒಪ್ಪಬೇಕಿತ್ತು. ಲಕ್ಷಗಟ್ಟಲೆ ಪಂಪುಗಳು ಭಾರತದಲ್ಲಿ ನಿಂತವು. ಆಫ್ರಿಕದ ಎಷ್ಟೋ ದೇಶಗಳಿಗೂ ಹೋದವು.

ಪಂಪು ಗಟ್ಟಿಯಾಯಿತು. ಆದರೆ ಗಟ್ಟಿಯಾದ ಪಂಪೂ ಒಂದು ದಿನ ಕೆಡಲೇಬೇಕು. ತಮಿಳುನಾಡಿನಲ್ಲಿ ಅದಕ್ಕಾಗಿ ಮೂರು ಮೆಟ್ಟಿಲಿನ ವ್ಯವಸ್ಥೆಯೊಂದು ರೂಪುಗೊಂಡಿತು. ಹಳ್ಳಿಯಲ್ಲಿ ಒಬ್ಬ ಪಾಲಕ: ಬೋಲ್ಟು ಬಿಗಿ ಮಾಡುವುದು, ಸರಪಳಿಗೆ ಗ್ರೀಸು ಹಚ್ಚುವುದು, ಕಟ್ಟೆಯ ಸುತ್ತ ಕೆಸರು ನಿಲ್ಲದಂತೆ ನೋಡುವುದು ಅವನ ಕೆಲಸ. ಬ್ಲಾಕಿನಲ್ಲಿ ಒಬ್ಬ ಮೆಕ್ಯಾನಿಕ್. ಜಿಲ್ಲೆಯಲ್ಲಿ ವಾಹನ, ಸಲಕರಣೆಗಳೊಡನೆ ಒಂದು ತಂಡ. ಪಂಪು ಕೆಟ್ಟಾಗ ಪಾಲಕ ಒಂದು ಕಾರ್ಡು ಬರೆದು ಅಂಚೆಗೆ ಹಾಕಿದರೆ ಸುದ್ದಿ ಮುಟ್ಟುತ್ತಿತ್ತು. ಇಷ್ಟು ಅಗ್ಗದ ಏರ್ಪಾಟು ಕೋಟ್ಯಂತರ ರೂಪಾಯಿಯ ಯೋಜನೆಗೆ ಜೀವ ತುಂಬಿತೆಂಬುದು ವಿಚಿತ್ರವಾದರೂ ನಿಜ. ಆದರೂ ಇದರಲ್ಲಿ ಒಂದು ಕೊರತೆ ಉಳಿದೇ ಇತ್ತು. ಬಾವಿಯ ಆಳದಲ್ಲಿರುವ ಸಿಲಿಂಡರಿನ ಚರ್ಮದ ವಾಶರು ಸವೆದರೆ ಇಡೀ ಕಬ್ಬಿಣದ ಕೊಳವೆ ಸಾಲನ್ನು ಮೇಲೆತ್ತಬೇಕು. ಅದು ಹಳ್ಳಿಯವರ ಕೈಯಿಂದ ಆಗುವ ಕೆಲಸವಲ್ಲ, ಜಿಲ್ಲೆಯ ತಂಡವೇ ಬರಬೇಕು. ತಂಡದ ವಾಹನಕ್ಕೆ ಡೀಸೆಲು ಇಲ್ಲದಿದ್ದರೆ ಕಾಯಬೇಕು. ಕೆಲವು ರೂಪಾಯಿಯ ವಾಶರಿಗಾಗಿ ಒಂದು ಕೇರಿ ವಾರಗಟ್ಟಲೆ ಕಾಯುವ ಸ್ಥಿತಿ.

1983ರಿಂದ ಕೊಯಮತ್ತೂರಿನಲ್ಲಿಯೇ ನಡೆದ ಮತ್ತೊಂದು ಸುತ್ತಿನ ಪರೀಕ್ಷೆಗಳಿಂದ ಚರ್ಮದ ಬದಲು ಬಹುಕಾಲ ಬಾಳುವ ರಬ್ಬರಿನ ವಾಶರು ಬಂದಿತು. ಕೊಳವೆಯನ್ನು ಕೀಳದೆಯೇ ಒಳಗಿನ ಭಾಗಗಳನ್ನು ಎಳೆದು ತೆಗೆಯಬಹುದಾದ ‘ಮಾರ್ಕ್ 3’ ಸಿದ್ಧವಾಯಿತು. ಇದನ್ನು ಹಳ್ಳಿಯವರೇ ಸರಿಪಡಿಸಬಹುದು. ಆದರೆ ಅದರ ಕೊಳವೆ ದಪ್ಪ, ಆದ್ದರಿಂದ ಬೆಲೆ ಹೆಚ್ಚು. ಕೊಳ್ಳುವ ದಿನದ ಬೆಲೆಯನ್ನಷ್ಟೇ ನೋಡುವ ಕಣ್ಣಿಗೆ ಹತ್ತು ವರ್ಷದ ದುರಸ್ತಿಯ ಖರ್ಚು ಕಾಣುವುದಿಲ್ಲ. ಮಾರ್ಕ್ 3 ಹರಡಬೇಕಾದಷ್ಟು ಹರಡಲಿಲ್ಲ. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರು ಕೊಟೇಶನ್ನು ತರಿಸಿ ಕಡಿಮೆಯದನ್ನು ಒಪ್ಪಿ ಏಳುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಪಾಲಕನೆಂದರೆ ಗಂಡಸೇ ಎಂಬ ಎಣಿಕೆಯೂ ಬಹುಕಾಲ ನಡೆದು ಬಂದಿತು. ಪಂಪು ಕೆಟ್ಟರೆ ಎರಡು ಮೈಲಿ ನಡೆಯಬೇಕಾದವಳು ಹೆಂಗಸು. ಸ್ಪ್ಯಾನರು ಮಾತ್ರ ಗಂಡಸಿನ ಕೈಯಲ್ಲಿ. ಅವನಿಗೆ ಅವಸರವೇನು? ರಾಜಸ್ಥಾನದಲ್ಲಿಯೂ, ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿಯೂ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಮೆಕ್ಯಾನಿಕರನ್ನಾಗಿ ಮಾಡಿದಾಗ, ಅಕ್ಷರ ಬಾರದವರೂ ಆ ಕೆಲಸವನ್ನು ಚೆನ್ನಾಗಿ ನಿಭಾಯಿಸಿದರು. ಯಾರಿಗೆ ನಷ್ಟವೋ ಅವರ ಕೈಗೆ ಹೊಣೆ ಕೊಡಬೇಕೆಂಬುದು ಹಸ್ತಾಂತರದ ನಿಜವಾದ ಸೂತ್ರ.

ಇದೆಲ್ಲವೂ ಬರಿಯ ಕಬ್ಬಿಣದ ಮಾತಲ್ಲ, ಆರೋಗ್ಯದ ಮಾತು. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ನೆನಪು ಇರಬಹುದು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುವಿನೊಡನೆ ಹೊಟ್ಟೆ ಸೇರಿದ ಮರಿಹುಳು, ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ಅಡಿಯ ದಾರದಂತೆ ಬೆಳೆದು ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಅದೇ ಬಾವಿಯ ಮೆಟ್ಟಿಲಿಗಿಳಿದು ನೀರಿನಲ್ಲಿ ಕಾಲಿಟ್ಟರೆ ಹುಳು ಮತ್ತೆ ಮರಿಗಳನ್ನು ಬಿಡುತ್ತಿತ್ತು. ಇದಕ್ಕೆ ಲಸಿಕೆಯಿಲ್ಲ, ಔಷಧವಿಲ್ಲ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಷ್ಟು ಎಳೆಯುವುದೊಂದೇ ಉಪಾಯ. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದಲ್ಲಿ ಮನೆಮನೆಯ ಶೋಧ, ಬಟ್ಟೆಯಿಂದ ನೀರು ಸೋಸುವ ಪಾಠ, ಮೆಟ್ಟಿಲು ಬಾವಿಗಳ ಪರಿವರ್ತನೆ ಇವುಗಳ ಜೊತೆಗೆ ಕೈಪಂಪೂ ಮುಖ್ಯ ಪಾತ್ರ ವಹಿಸಿತು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಕೆಟ್ಟು ನಿಂತ ಪಂಪು ಈ ಕೆಲಸಕ್ಕೆ ಒದಗುತ್ತಿರಲಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊಗಳಿಕೆಯ ನಡುವೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆಳದ ನೀರು ಕ್ರಿಮಿಗಳಿಂದ ಮುಕ್ತವಾಗಿರಬಹುದು, ವಿಷದಿಂದ ಮುಕ್ತವೆಂದು ಹೇಳಲಾಗದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಆ ನೀರು ಕುಡಿಯಲು ತಕ್ಕುದಲ್ಲ. ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಮುಂದೆ ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಬಾಂಗ್ಲಾದೇಶದಲ್ಲಿ ಇದಕ್ಕಿಂತಲೂ ಘೋರವಾದುದು ನಡೆಯಿತು. ಅಲ್ಲಿ ದಾನಿಗಳ ನೆರವಿನಿಂದ ಹರಡಿದ ಕೊಳವೆ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇದೆಯೆಂಬುದು 1993ರಲ್ಲಿ ದೃಢಪಟ್ಟಿತು. ಬಾವಿ ತೋಡುವಾಗ ಆರ್ಸೆನಿಕ್ಕಿಗಾಗಿ ಪರೀಕ್ಷಿಸುವ ಪದ್ಧತಿಯೇ ಅಲ್ಲಿರಲಿಲ್ಲ. ಅತಿಸಾರದಿಂದ ಮಕ್ಕಳನ್ನು ಉಳಿಸಲು ಹೊರಟ ಸದುದ್ದೇಶವೇ ಕೋಟ್ಯಂತರ ಜನರಿಗೆ ವಿಷ ಕುಡಿಸಿತು. ಅಗತ್ಯವನ್ನು ಗುರುತಿಸುವ ಮೊದಲ ಘಟ್ಟದಲ್ಲಿ ನೀರಿನ ಒಂದು ಸೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸುವ ಖರ್ಚು ಉದ್ಘಾಟನೆಯ ಹಾರ ತುರಾಯಿಗಳ ಖರ್ಚಿಗಿಂತ ಹೆಚ್ಚಾಗಲಾರದು.

ದುರಸ್ತಿಯ ಯೋಚನೆ ಕನ್ನಡನಾಡಿಗೆ ಹೊರಗಿನಿಂದ ಬರಬೇಕಾದ ಪಾಠವೇನೂ ಅಲ್ಲ. ಕೆರೆ ಕಟ್ಟಿಸಿದ ಹಳೆಯ ದಾನಿಗಳು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಹೆಸರಿನ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿ ಕಾಯ್ದವರಿಗೆ, ಹೂಳೆತ್ತಿ ಏರಿ ದುರಸ್ತಿ ಮಾಡುವ ಕೆಲಸಕ್ಕೆ ಮೀಸಲಾದ ಭೂಮಿ ಅದು. ತೂಬು ನೋಡಿಕೊಳ್ಳಲು ನೀರುಗಂಟಿ ಎಂಬ ಆಳೂ ಇದ್ದ. ಹೀಗೆ ಉತ್ಪತ್ತಿಯ ಮೂಲವನ್ನೂ ಹೊಣೆಗಾರನನ್ನೂ ಜೊತೆಗೇ ಗೊತ್ತು ಮಾಡಿದ್ದ ಕಾರಣ ಎಷ್ಟೋ ಕೆರೆಗಳು ಶತಮಾನಗಳ ಕಾಲ ಬಾಳಿದವು.

ಇಂದು ಕೈಪಂಪಿನ ಕಾಲ ಹಿಂದೆ ಸರಿಯುತ್ತಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಡಿ ಮನೆಮನೆಗೆ ನಲ್ಲಿ ಬರುತ್ತಿದೆ. ಸಂಘಗಳ ಕೊಡುಗೆಯೂ ರೂಪ ಬದಲಿಸಿದೆ. ಈಗ ಎಲ್ಲರೂ ಕೊಡಲಿಚ್ಛಿಸುವುದು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವನ್ನು. ಫ್ಲೋರೈಡಿನ ಊರಿಗೆ ಇದು ಉಪಕಾರಿಯೇ. ಆದರೆ ಪಂಪಿನ ವಾಶರಿಗಿಂತ ಇದರ ಪೊರೆ ಬಹಳ ದುಬಾರಿ, ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಿಸಲೇಬೇಕು. ವಿದ್ಯುತ್ತಿನ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ಘಟಕ ಹೊರಹಾಕುವ ಉಪ್ಪುನೀರನ್ನು ಎಲ್ಲಿ ಬಿಡಬೇಕೆಂಬುದೂ ಒಂದು ಸಮಸ್ಯೆ. ಕೆಟ್ಟು ಬಾಗಿಲು ಹಾಕಿದ ಘಟಕಗಳ ಸುದ್ದಿ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಪದೇ ಪದೇ ಬರುತ್ತಿರುವಾಗ, 1974ರ ಸಮೀಕ್ಷೆಯ ಪಾಠ ಹಳೆಯದಾಯಿತೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಹಾಗಾದರೆ ಸಮಿತಿಯೊಂದು ಮಾಡಬೇಕಾದುದೇನು? ಕೂಡಿದ ಹಣವನ್ನೆಲ್ಲ ಕಟ್ಟಡಕ್ಕೂ ಯಂತ್ರಕ್ಕೂ ಸುರಿಯದೆ ಒಂದು ಭಾಗವನ್ನು ಠೇವಣಿಯಾಗಿಟ್ಟು, ಅದರ ಬಡ್ಡಿ ದುರಸ್ತಿಗೇ ಸಲ್ಲುವಂತೆ ಕರಾರಿನಲ್ಲಿ ಬರೆಸಬೇಕು. ಹತ್ತು ಹಳ್ಳಿಯ ಬದಲು ಆರೇ ಹಳ್ಳಿಗೆ ಕೊಡುಗೆ ಸಿಕ್ಕರೂ ಚಿಂತೆಯಿಲ್ಲ. ಗ್ರಾಮ ಪಂಚಾಯಿತಿಯ ಠರಾವು ಉದ್ಘಾಟನೆಯ ಹಿಂದಿನ ದಿನವಲ್ಲ, ಮೊದಲ ಕಂತಿನ ಹಣ ಹೋಗುವ ಮುಂಚೆ ಕೈಸೇರಬೇಕು. ಅದರಲ್ಲಿ ಬೀಗದ ಕೈ ಯಾರ ಬಳಿ, ಲೆಕ್ಕ ಯಾರ ಬಳಿ ಎಂಬುದು ಹೆಸರು ಸಮೇತ ಇರಬೇಕು. ಊರಿನವರಿಂದ ಸ್ವಲ್ಪವಾದರೂ ವಂತಿಗೆ ಬರಬೇಕು. ಇದು ಹಣದ ಆಸೆಯಿಂದಲ್ಲ. ಕೈಯಿಂದ ಕಾಸು ಕೊಟ್ಟವರು ಮಾತ್ರ ಕೆಟ್ಟಾಗ ಬಂದು ಕೇಳುತ್ತಾರೆ. ಅಮೆರಿಕ, ಕೊಲ್ಲಿ ರಾಷ್ಟ್ರಗಳಲ್ಲಿದ್ದು ವಿದೇಶಿ ಪೌರತ್ವ ಪಡೆದ ಬಂಧುಗಳ ಹಣವನ್ನು ಸೇರಿಸಿಕೊಳ್ಳಬಯಸುವ ಸಂಘಗಳು ವಿದೇಶಿ ವಂತಿಗೆಯ ಕಾನೂನನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. 2020ರ ತಿದ್ದುಪಡಿಯ ನಂತರ ಹೀಗೆ ಬಂದ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಖರ್ಚಿಲ್ಲದ ಕೆಲಸವೊಂದು ಉಳಿದಿದೆ. ಸ್ಮರಣ ಸಂಚಿಕೆಯಲ್ಲಿ ದಾನಿಗಳ ಪಟ್ಟಿಗೆ ಹಲವು ಪುಟಗಳು ಮೀಸಲಾಗಿರುತ್ತವೆ. ಹಿಂದಿನ ವರ್ಷಗಳ ಕೊಡುಗೆಗಳು ಇಂದು ಯಾವ ಸ್ಥಿತಿಯಲ್ಲಿವೆ ಎಂಬುದಕ್ಕೆ ಒಂದು ಪುಟ ಸಾಕು. ಬೇಸಿಗೆ ರಜೆಗೆ ಊರಿಗೆ ಹೋಗುವ ಸದಸ್ಯರು ಹಳೆಯ ಪಟ್ಟಿಯನ್ನು ಜೊತೆಗೊಯ್ದು, ಪ್ರತಿಯೊಂದರ ಮುಂದೆ ನಡೆಯುತ್ತಿದೆ ಅಥವಾ ನಿಂತಿದೆ ಎಂದು ಗುರುತು ಹಾಕಿ ತಂದರೆ, ವಾರ್ಷಿಕ ಮಹಾಸಭೆಯಲ್ಲಿ ಹೊಸ ಯೋಜನೆಯ ಪ್ರಸ್ತಾಪಕ್ಕಿಂತ ಮುಂಚೆ ಆ ಕಾಗದವನ್ನು ಓದಬಹುದು.